ಮಕ್ಕಳ ಪುಸ್ತಕ ಆರಿಸುವಾಗ ವಯಸ್ಸು, ತರಗತಿ, ಓದಿನ ಮಟ್ಟ: ಯಾವುದನ್ನು ನಂಬಬೇಕು?

ಹುಬ್ಬಳ್ಳಿ-ಧಾರವಾಡದ ಪುಸ್ತಕದಂಗಡಿಗಳಿಗೆ ಮಕ್ಕಳ ಪುಸ್ತಕ ಕೇಳಿಕೊಂಡು ಬರುವವರು ಸಾಮಾನ್ಯವಾಗಿ ಹೇಳುವುದು ಮಗುವಿನ ವಯಸ್ಸನ್ನು ಮಾತ್ರ. 'ಏಳು ವರ್ಷದ ಹುಡುಗಗ ಒಂದು ಛಲೋ ಪುಸ್ತಕ ಕೊಡ್ರಿ' ಎಂದರೆ ಅಂಗಡಿಯವರು ರಕ್ಷಾಪುಟದ ಅಂಕಿ ನೋಡಿ, 6ರಿಂದ 8 ವರ್ಷ ಎಂದಿರುವ ಒಂದನ್ನು ತೆಗೆದು ಕೊಡುತ್ತಾರೆ. ವ್ಯವಹಾರ ಅಲ್ಲಿಗೆ ಮುಗಿಯುತ್ತದೆ. ಆದರೆ ಆ ಪುಸ್ತಕವನ್ನು ಮಗು ಓದುತ್ತದೆಯೋ, ಅದು ಸೀದಾ ಕಪಾಟು ಸೇರುತ್ತದೆಯೋ ಎಂಬುದು ಬೇರೆ ಸಂಗತಿಗಳನ್ನು ಅವಲಂಬಿಸಿರುತ್ತದೆ. ಏಳು ವರ್ಷದ ಮೂವರು ಮಕ್ಕಳಲ್ಲಿ ಒಬ್ಬಳು ದಿನಪತ್ರಿಕೆಯ ತಲೆಬರಹಗಳನ್ನು ಓದಬಲ್ಲಳು, ಇನ್ನೊಬ್ಬ ಕಾಗುಣಿತದಲ್ಲೇ ತಡವರಿಸುತ್ತಿರಬಹುದು, ಮತ್ತೊಬ್ಬನಿಗೆ ಮನೆಯಲ್ಲಿ ಕನ್ನಡ ಮಾತಾಡಲು ಚೆನ್ನಾಗಿ ಬಂದರೂ ಓದುವುದು ಇಂಗ್ಲಿಷಿನಲ್ಲಿ ಮಾತ್ರ ಸಾಧ್ಯವಾಗಿರಬಹುದು.

ಪುಸ್ತಕ ಆರಿಸಲು ನಮ್ಮ ಮುಂದೆ ನಾಲ್ಕು ಆಧಾರಗಳಿವೆ: ಪ್ರಕಾಶಕರು ಮುದ್ರಿಸುವ ವಯಸ್ಸು, ಮಗು ಕಲಿಯುತ್ತಿರುವ ತರಗತಿ, ಕೆಲವು ಪ್ರಕಾಶನಗಳು ಸೂಚಿಸುವ ಓದಿನ ಮಟ್ಟ, ಮತ್ತು ಮಗುವಿನಿಂದಲೇ ಒಂದು ಪುಟ ಓದಿಸಿ ನೋಡುವ ಪರೀಕ್ಷೆ. ಧಾರವಾಡದ ಶಾಲೆಯೊಂದರ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಕೆಲಸ ಮಾಡುತ್ತಿರುವ ನನ್ನ ಅಭಿಪ್ರಾಯದಲ್ಲಿ ಕನ್ನಡ ಪುಸ್ತಕಗಳ ಮಟ್ಟಿಗೆ ಈ ನಾಲ್ಕರಲ್ಲಿ ಕೊನೆಯದೇ ಹೆಚ್ಚು ವಿಶ್ವಾಸಾರ್ಹ, ಮೊದಲನೆಯದು ಎಲ್ಲಕ್ಕಿಂತ ಕಡಿಮೆ. ಮುದ್ರಿತ ವಯಸ್ಸು ಸುಳ್ಳೆಂದು ಇದರ ಅರ್ಥವಲ್ಲ. ಅದು ಉತ್ತರಿಸುವ ಪ್ರಶ್ನೆಯೇ ಬೇರೆ.

ಓದುವವರು ಯಾರು?

ನಾಲ್ಕನ್ನೂ ತೂಗಿ ನೋಡುವ ಮೊದಲು, ಪುಸ್ತಕವನ್ನು ಮಗು ತಾನೇ ಓದಿಕೊಳ್ಳಬೇಕೋ ಅಥವಾ ದೊಡ್ಡವರು ಓದಿ ಹೇಳುತ್ತಾರೋ ಎಂಬುದನ್ನು ತೀರ್ಮಾನಿಸಬೇಕು. ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ ಓದಿ ಅರ್ಥಮಾಡಿಕೊಳ್ಳುವ ಶಕ್ತಿಗಿಂತ ಪ್ರಾಥಮಿಕ ಶಾಲೆಯ ವರ್ಷಗಳುದ್ದಕ್ಕೂ ಮುಂದೆ ಇರುತ್ತದೆ. ಅಜ್ಜಿಯ ಬಾಯಲ್ಲಿ ಅರ್ಧ ಗಂಟೆಯ ಕಥೆಯನ್ನು ಅಲುಗಾಡದೆ ಕೇಳುವ ಐದು ವರ್ಷದ ಮಗು, ಅದೇ ಕಥೆಯ ಮೊದಲ ವಾಕ್ಯವನ್ನೂ ಓದಲಾರದು. ಆದ್ದರಿಂದ ಓದಿ ಹೇಳುವ ಪುಸ್ತಕವನ್ನು ಮಗುವಿನ ಸ್ವಂತ ಓದಿಗಿಂತ ಎರಡು ಮೂರು ತರಗತಿ ಮೇಲಿನದನ್ನೇ ಆರಿಸಬಹುದು, ಆರಿಸಲೂಬೇಕು. ಸ್ವಂತ ಓದಿನ ಪುಸ್ತಕ ಮಾತ್ರ ಮಗು ಈಗ ಎಲ್ಲಿದೆಯೋ ಅಲ್ಲಿಯದೇ ಆಗಿರಬೇಕು. ಒಂದೇ ಮಗುವಿಗೆ ಒಂದೇ ದಿನ ಎರಡು ಬಗೆಯ ಪುಸ್ತಕ ತಂದರೆ ಅದರಲ್ಲಿ ವಿರೋಧವೇನೂ ಇಲ್ಲ. ಮನೆಯಲ್ಲಿ ಓದಿ ಹೇಳುವವರು ಯಾರೂ ಇಲ್ಲವೆಂದಾದರೆ ಆ ಸಂಗತಿಯನ್ನು ಮೊದಲೇ ಒಪ್ಪಿಕೊಂಡು, ಸ್ವಂತ ಓದಿನ ಪುಸ್ತಕಕ್ಕೆ ಮಾತ್ರ ಹಣ ಹಾಕುವುದು ಒಳ್ಳೆಯದು.

ರಕ್ಷಾಪುಟದ ವಯಸ್ಸು ಏನನ್ನು ಹೇಳುತ್ತದೆ

1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ಮಕ್ಕಳಿಗಾಗಿ ಹೊರತಂದ ಹಲವು ಪುಸ್ತಕಗಳ ಮೇಲೆ ವಯೋಗುಂಪಿನ ಸೂಚನೆ ಇದೆ. ಬೇರೆ ಪ್ರಕಾಶಕರೂ ಈ ಪದ್ಧತಿಯನ್ನು ಅನುಸರಿಸುತ್ತಾರೆ. ಇಂತಹ ಅಂಕಿ ಬಹಳ ಮಟ್ಟಿಗೆ ವಸ್ತುವಿನ ಬಗ್ಗೆ ಮಾತಾಡುತ್ತದೆ: ಈ ಕಥೆಯಲ್ಲಿ ಆ ವಯಸ್ಸಿನವರಿಗೆ ಆಸಕ್ತಿ ಮೂಡಬಹುದು, ಇದರಲ್ಲಿ ಬರುವ ಭಯ, ಸಾವು, ಜಗಳ ಆ ವಯಸ್ಸಿಗೆ ಹೊರೆಯಾಗಲಾರದು ಎಂಬುದು ಅದರ ತಾತ್ಪರ್ಯ. ಈ ಕಾರಣಕ್ಕೆ ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಚೆನ್ನಾಗಿ ಓದಬಲ್ಲಳೆಂಬ ಒಂದೇ ಕಾರಣಕ್ಕೆ ಎಂಟು ವರ್ಷದವಳ ಕೈಗೆ ಹದಿನಾಲ್ಕು ವರ್ಷದವರ ಕಾದಂಬರಿ ಕೊಡುವ ತಂದೆ-ತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಅಕ್ಷರ ಗೊತ್ತಿದ್ದ ಮಾತ್ರಕ್ಕೆ ಅದರೊಳಗಿನ ದುಃಖವೆಲ್ಲ ಆ ಮಗುವಿಗೆ ದಕ್ಕುವುದಿಲ್ಲ. ಆದರೆ ಪುಟದ ಮೇಲಿನ ವಾಕ್ಯವನ್ನು ಮಗು ಓದಬಲ್ಲದೇ ಎಂಬ ಪ್ರಶ್ನೆಗೆ ರಕ್ಷಾಪುಟದ ಅಂಕಿಯಲ್ಲಿ ಉತ್ತರವಿಲ್ಲ.

ಗುಂಡಿ ಒತ್ತಿದರೆ ಸದ್ದು ಮಾಡುವ, ಆಟಿಕೆ ಅಂಟಿಸಿಕೊಂಡು ಬರುವ ಪುಸ್ತಕಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಅವುಗಳ ಮೇಲಿನ '3+' ಎಂಬ ಗುರುತು ಎಷ್ಟೋ ಸಲ ಸುರಕ್ಷತೆಯ ಸೂಚನೆಯಾಗಿರುತ್ತದೆ. ಚಿಕ್ಕ ಬಿಡಿಭಾಗಗಳನ್ನು ಹಸುಗೂಸು ನುಂಗಬಾರದೆಂಬುದು ಅದರ ಉದ್ದೇಶವೇ ಹೊರತು, ಮೂರು ವರ್ಷಕ್ಕೆ ಮಗು ಅದನ್ನು ಓದುತ್ತದೆಂಬ ಭರವಸೆಯಲ್ಲ.

ತರಗತಿಯನ್ನು ಹಿಡಿದು ಆರಿಸುವುದು

ತರಗತಿ ವಯಸ್ಸಿಗಿಂತ ಸ್ವಲ್ಪ ಮೇಲು, ಏಕೆಂದರೆ ಶಾಲೆಯಲ್ಲಿ ಅಕ್ಷರಗಳು ಒಂದು ಕ್ರಮದಲ್ಲಿ ಬರುತ್ತವೆ. ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳಲ್ಲಿ ನಡೆಯುವ ನಲಿ-ಕಲಿ ಪದ್ಧತಿಯಲ್ಲಿ ಮಗು ವರ್ಣಮಾಲೆಯ ಕ್ರಮದಲ್ಲಿ ಕಲಿಯದೆ, 'ರ, ಗ, ಸ, ದ, ಅ' ಎಂಬ ಗುಂಪಿನಿಂದ ಆರಂಭಿಸಿ, ಆ ಅಕ್ಷರಗಳಿಂದಲೇ ಆಗುವ ಪದಗಳನ್ನು ಓದುತ್ತಾ ಮುಂದಕ್ಕೆ ಹೋಗುತ್ತದೆ. ಹೀಗೆ ಕಲಿಯುತ್ತಿರುವ ಮಗುವಿಗೆ ಅ-ಆ-ಇ-ಈ ಕ್ರಮದ ಚಿತ್ರಪುಸ್ತಕ ನೋಡಿ ಸಂತೋಷಪಡಲು ಒಳ್ಳೆಯದು, ಆದರೆ ಓದು ಕಲಿಯಲು ಅಷ್ಟು ಅನುಕೂಲವಲ್ಲ. (ಆ ಪುಸ್ತಕಗಳಲ್ಲಿ 'ಋ' ಅಕ್ಷರದ ಪುಟದಲ್ಲಿ ಗಡ್ಡದ ಋಷಿಯೊಬ್ಬರು ತಪ್ಪದೆ ಕುಳಿತಿರುತ್ತಾರೆ, ಮಕ್ಕಳು ಬಹಳಷ್ಟು ಸಲ ಅವರನ್ನು 'ಸ್ವಾಮ್ಯಾರು' ಅಥವಾ 'ಅಜ್ಜಾರು' ಎಂದೇ ಓದುತ್ತಾರೆ.)

2021ರ ಜುಲೈ 5ರಂದು ಕೇಂದ್ರ ಶಿಕ್ಷಣ ಸಚಿವಾಲಯ ಆರಂಭಿಸಿದ ನಿಪುಣ್ ಭಾರತ್ ಯೋಜನೆ ತರಗತಿವಾರು ಗುರಿಗಳನ್ನು ಇಟ್ಟಿದೆ: ಎರಡನೆಯ ತರಗತಿ ಮುಗಿಯುವಾಗ ನಿಮಿಷಕ್ಕೆ 45ರಿಂದ 60 ಪದಗಳನ್ನು, ಮೂರನೆಯ ತರಗತಿ ಮುಗಿಯುವಾಗ ಕನಿಷ್ಠ 60 ಪದಗಳನ್ನು ಮಗು ಅರ್ಥಸಹಿತ ಓದಬೇಕು. ಪೋಷಕರು ಈ ಅಂಕಿಗಳನ್ನು ಅಳತೆಗೋಲಾಗಿ ಬಳಸುವಾಗ ಒಂದು ಸಂಗತಿಯನ್ನು ನೆನಪಿಡಬೇಕು. ಕನ್ನಡದಲ್ಲಿ 'ಹೋಗಬೇಕಾಗಿತ್ತಂತೆ' ಎಂಬುದು ಒಂದೇ ಪದ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಅದನ್ನು ಹೇಳಲು ಹಲವು ಬಿಡಿಪದಗಳು ಬೇಕು. ಆದ್ದರಿಂದ ಪದಗಳನ್ನು ಎಣಿಸಿ ಮಕ್ಕಳ ಓದಿನ ವೇಗವನ್ನು ಭಾಷೆಯಿಂದ ಭಾಷೆಗೆ ಹೋಲಿಸಿದರೆ ಕನ್ನಡದ ಮಗು ಸುಮ್ಮನೆ ಹಿಂದುಳಿದಂತೆ ಕಾಣುತ್ತದೆ.

ತರಗತಿಯ ಆಧಾರ ಮುಖ್ಯವಾಗಿ ಕುಸಿಯುವುದು ಮಾಧ್ಯಮ ಬೇರೆಯಾದಾಗ. ಕನ್ನಡ ಭಾಷಾ ಕಲಿಕೆ ಅಧಿನಿಯಮ, 2015ರ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕು. ಕಾನೂನಿನ ದೃಷ್ಟಿಯಲ್ಲಿ ಕನ್ನಡ ಮಾಧ್ಯಮದವರೂ ಇಂಗ್ಲಿಷ್ ಮಾಧ್ಯಮದವರೂ ಕನ್ನಡ ಕಲಿಯುವವರೇ. ಆದರೆ ವಿದ್ಯಾನಗರದ ಇಂಗ್ಲಿಷ್ ಮಾಧ್ಯಮದ ಐದನೆಯ ತರಗತಿಯ ಹುಡುಗಿಗೂ, ಕುಂದಗೋಳದ ಕನ್ನಡ ಮಾಧ್ಯಮದ ಐದನೆಯ ತರಗತಿಯ ಹುಡುಗಿಗೂ ಕನ್ನಡ ಓದಿನಲ್ಲಿ ಎರಡು ಮೂರು ವರ್ಷಗಳ ಅಂತರವಿದ್ದರೆ ಆಶ್ಚರ್ಯಪಡಬೇಕಿಲ್ಲ. ಇದರ ಜೊತೆಗೆ ಮನೆಯಲ್ಲಿ ಉರ್ದು, ಮರಾಠಿ, ಕೊಂಕಣಿ ಅಥವಾ ಲಂಬಾಣಿ ಮಾತಾಡುವ ಮಕ್ಕಳು ಈ ಭಾಗದ ಪ್ರತಿಯೊಂದು ಶಾಲೆಯಲ್ಲೂ ಇದ್ದಾರೆ. ತರಗತಿಯನ್ನು ಕೇಳುವವರು ಮಾಧ್ಯಮವನ್ನೂ ಮನೆಮಾತನ್ನೂ ಕೇಳದಿದ್ದರೆ ಸಿಗುವ ಉತ್ತರ ಅರ್ಧದ್ದು.

ಪ್ರಕಾಶನದವರು ಕೊಡುವ ಮಟ್ಟ

2004ರಲ್ಲಿ ಆರಂಭವಾದ ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳನ್ನು ವಯಸ್ಸಿನ ಬದಲು ನಾಲ್ಕು ಮಟ್ಟಗಳಲ್ಲಿ ವಿಂಗಡಿಸುತ್ತದೆ. ಮೊದಲ ಮಟ್ಟದಲ್ಲಿ ಸುಮಾರು 250 ಪದಗಳ ಒಳಗಿನ, ಪದಗಳು ಮರಳಿ ಮರಳಿ ಬರುವ ಕಥೆಗಳಿವೆ. ಎರಡನೆಯದರಲ್ಲಿ ಸುಮಾರು 600, ಮೂರನೆಯದರಲ್ಲಿ ಸುಮಾರು 1500 ಪದಗಳವರೆಗೆ ಹೋಗುತ್ತವೆ. ಅದಕ್ಕೂ ಉದ್ದವಾದವು ನಾಲ್ಕನೆಯವು. 2015ರಲ್ಲಿ ಅದೇ ಸಂಸ್ಥೆ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಈ ಮಟ್ಟಗಳ ಪ್ರಕಾರವೇ ಕನ್ನಡ ಕಥೆಗಳನ್ನು ಹುಡುಕಿ, ಹಣ ಕೊಡದೆ ಓದಬಹುದು, ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ಮುದ್ರಿತ ವಯಸ್ಸು ಮತ್ತು ತರಗತಿ ಎರಡಕ್ಕಿಂತಲೂ ಈ ವ್ಯವಸ್ಥೆ ನಿಸ್ಸಂದೇಹವಾಗಿ ಮೇಲಾದದ್ದು. ಆರನೆಯ ತರಗತಿಯವನು ಎರಡನೆಯ ಮಟ್ಟದ ಪುಸ್ತಕ ಹಿಡಿದರೆ 'ಸಣ್ಣ ಹುಡುಗರ ಪುಸ್ತಕ' ಎಂದು ಯಾರೂ ನಗುವಂತಿಲ್ಲ, ಏಕೆಂದರೆ ಅದರ ಮೇಲೆ ವಯಸ್ಸೇ ಇರುವುದಿಲ್ಲ.

ಆದರೂ ಕನ್ನಡದ ಓದುಗನ ದೃಷ್ಟಿಯಿಂದ ಈ ಮಟ್ಟಗಳಲ್ಲಿ ಒಂದು ಕೊರತೆಯಿದೆ. ಅವು ಹಲವಾರು ಭಾಷೆಗಳಿಗೆ ಒಟ್ಟಿಗೆ ಅನ್ವಯಿಸುವಂತೆ ರೂಪುಗೊಂಡವು; ಕಥೆಯ ಉದ್ದವನ್ನೂ ವಾಕ್ಯದ, ವಿಚಾರದ ಸರಳತೆಯನ್ನೂ ಅಳೆಯುತ್ತವೆಯೇ ಹೊರತು ಕನ್ನಡ ಲಿಪಿಯ ತೊಡಕನ್ನು ಅಳೆಯುವುದಿಲ್ಲ. ಬೇರೆ ಭಾಷೆಯಿಂದ ಅನುವಾದಗೊಂಡ ಮೊದಲ ಮಟ್ಟದ ಕಥೆಯೊಂದರಲ್ಲಿ ಪುಟಕ್ಕೊಂದೇ ವಾಕ್ಯವಿದ್ದರೂ, ಆ ವಾಕ್ಯದಲ್ಲಿ 'ಆಶ್ಚರ್ಯ' ಎಂಬ ಪದ ಕುಳಿತುಬಿಟ್ಟರೆ ಮೊದಲ ತರಗತಿಯ ಮಗುವಿಗೆ ಅದು ಮೊದಲ ಮಟ್ಟದ್ದಾಗಿ ಉಳಿಯುವುದಿಲ್ಲ. ಇಂಗ್ಲಿಷ್ ಪುಸ್ತಕಗಳಿಗೆ ಬಳಸುವ ಸೂತ್ರಗಳಂತೂ ಇಲ್ಲಿ ಉಪಯೋಗಕ್ಕೇ ಬರುವುದಿಲ್ಲ. ರುಡಾಲ್ಫ್ ಫ್ಲೆಶ್ 1948ರಲ್ಲಿ ರೂಪಿಸಿದ, 1975ರಲ್ಲಿ ಕಿನ್ಕೇಡ್ ಮತ್ತು ಸಂಗಡಿಗರು ಅಮೆರಿಕದ ನೌಕಾಪಡೆಗಾಗಿ ಮಾರ್ಪಡಿಸಿದ ಸೂತ್ರ ವಾಕ್ಯದ ಉದ್ದವನ್ನೂ ಪದದಲ್ಲಿನ ಉಚ್ಚಾರಾಂಶಗಳನ್ನೂ ಲೆಕ್ಕ ಹಾಕುತ್ತದೆ. ಪ್ರತ್ಯಯಗಳು ಅಂಟಿಕೊಂಡು ಪದಗಳು ಸಹಜವಾಗಿಯೇ ಉದ್ದವಾಗುವ ಕನ್ನಡಕ್ಕೆ ಅದನ್ನು ಹಚ್ಚಿದರೆ ಬಾಲವಾಡಿಯ ಕಥೆಯೂ ಕಾಲೇಜಿನ ಪಠ್ಯದಂತೆ ತೋರೀತು.

ಅಕ್ಷರಗಳ ಮೆಟ್ಟಿಲು

ಕನ್ನಡ ಪುಸ್ತಕದ ಓದಿನ ವಯಸ್ಸನ್ನು ನಿರ್ಧರಿಸುವಾಗ ನಾನು ಮೊದಲು ನೋಡುವುದು ಒತ್ತಕ್ಷರಗಳನ್ನು. ವರ್ಣಮಾಲೆಯ 49 ಅಕ್ಷರಗಳು ಗೊತ್ತಾದ ಮಾತ್ರಕ್ಕೆ ಕನ್ನಡ ಓದಲು ಬಂದಂತಲ್ಲ. ಕಾಗುಣಿತ, ಸಜಾತೀಯ ಒತ್ತು, ವಿಜಾತೀಯ ಒತ್ತು, ಅರ್ಕಾವತ್ತು ಎಂದು ದಾರಿ ಉದ್ದವಾಗುತ್ತಾ ಹೋಗುತ್ತದೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಇಂಗ್ಲಿಷಿನಂತಹ ಭಾಷೆಗಳ ಅಕ್ಷರ ಕಲಿಕೆ ಬೇಗ ಮುಗಿಯುತ್ತದೆ, ಕನ್ನಡದ ಅಕ್ಷರ ಕಲಿಕೆ ಮೊದಲ ಒಂದೆರಡು ವರ್ಷಗಳಿಗೆ ನಿಲ್ಲದೆ ಮೂರು, ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ. ಹಾಗಾಗಿ ಮೂರನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ದಡ್ಡತನದ ಲಕ್ಷಣವಲ್ಲ, ಕಲಿಕೆಯ ನಡುದಾರಿ.

ಮೂರು ವಾಕ್ಯಗಳನ್ನು ಹೋಲಿಸಿ ನೋಡಬಹುದು. 'ರವಿ ಬಸವನ ಮನೆಗೆ ಓಡಿದ' ಎಂಬಲ್ಲಿ ಒಂದೂ ಒತ್ತಿಲ್ಲ. ಕಾಗುಣಿತ ಕಲಿತ ಮಗು ಇದನ್ನು ಓದಿ ಮುಗಿಸಿ, ಓದಿದೆನೆಂಬ ಹಿಗ್ಗಿನಿಂದ ಮೇಲೆ ನೋಡುತ್ತದೆ. 'ಅವ್ವ ಬುಟ್ಟಿಯಲ್ಲಿ ರೊಟ್ಟಿ ಇಟ್ಟಳು, ಬೆಕ್ಕು ಇಣುಕಿತು' ಎಂಬಲ್ಲಿ ಆರು ಒತ್ತುಗಳಿದ್ದರೂ ಎಲ್ಲವೂ ಸಜಾತೀಯ. ಜೊತೆಗೆ ಪದಗಳೆಲ್ಲ ಬಾಯಲ್ಲಿ ದಿನವೂ ಆಡುವಂಥವು, ಆದ್ದರಿಂದ ಎರಡನೆಯ ತರಗತಿಯ ಮಗುವಿಗೆ ಇದು ಹದವಾದ ವಾಕ್ಯ. 'ಸೂರ್ಯಾಸ್ತದ ಹೊತ್ತಿಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಪ್ರಯಾಣಿಕರು ವಿಶ್ರಾಂತಿ ಪಡೆದರು' ಎಂಬ ವಾಕ್ಯ ಉದ್ದದಲ್ಲಿ ಎರಡನೆಯದಕ್ಕಿಂತ ಬಹಳ ದೊಡ್ಡದೇನಲ್ಲ, ಆದರೆ ಇದನ್ನು ನಾಲ್ಕನೆಯ ತರಗತಿಗಿಂತ ಮೊದಲು ಕೊಡುವುದು ಅವಸರ. 'ಸೂರ್ಯ' ಎಂಬುದನ್ನು ಮಗು ಓದುವುದನ್ನು ಹತ್ತಿರದಿಂದ ಗಮನಿಸಿದವರಿಗೆ ತೊಂದರೆ ಏನೆಂಬುದು ಗೊತ್ತಾಗುತ್ತದೆ: ಬೆರಳು 'ಸೂ' ದಾಟುತ್ತದೆ, 'ಯ' ಮೇಲೆ ನಿಲ್ಲುತ್ತದೆ, ಅದರ ಬಲಕ್ಕಿರುವ ಕೊಂಡಿಯನ್ನು ಮುಟ್ಟುತ್ತದೆ, ಬಾಯಿ 'ಸೂಯ' ಎನ್ನುತ್ತದೆ, ನಂತರ ಬೆರಳು ಹಿಂದಕ್ಕೆ ಬರುತ್ತದೆ. ಮೊದಲು ಉಚ್ಚರಿಸಬೇಕಾದ ರಕಾರದ ಗುರುತು ಬರಹದಲ್ಲಿ ನಂತರ ಬರುವುದರಿಂದ ಆಗುವ ಗೊಂದಲ ಇದು. ರಕಾರವನ್ನು ಪೂರ್ತಿಯಾಗಿ ಬರೆದು ಕೆಳಗೆ ಒತ್ತು ಕೊಡುವ ರೂಢಿ ಕೆಲವು ಮುದ್ರಣಗಳಲ್ಲಿದೆ. ಮೂರನೆಯ ತರಗತಿಯ ಒಳಗಿನವರಿಗೆ ಅಂತಹ ಮುದ್ರಣ ಸಿಕ್ಕರೆ ಅದನ್ನೇ ಆರಿಸುವುದು ಲೇಸು.

ಅಕ್ಷರದ ಗಾತ್ರವೂ ಇದಕ್ಕೆ ಸೇರಿದ ವಿಚಾರ. ಇಂಗ್ಲಿಷಿನಲ್ಲಿ ಚಿಕ್ಕ ಅಚ್ಚು ಕಣ್ಣಿಗೆ ತ್ರಾಸು ಕೊಡುತ್ತದೆ ಅಷ್ಟೆ; ಕನ್ನಡದಲ್ಲಿ ಅಚ್ಚು ಚಿಕ್ಕದಾದಂತೆ ಅಕ್ಷರದ ಕೆಳಗಿನ ಒತ್ತು ಇನ್ನೂ ಚಿಕ್ಕದಾಗಿ, 'ತ'ದ ಒತ್ತು ಯಾವುದು, 'ನ'ದ ಒತ್ತು ಯಾವುದು ಎಂಬುದೇ ತಿಳಿಯದಾಗುತ್ತದೆ. ಸಾಲುಗಳ ನಡುವೆ ಅಂತರ ಕಡಿಮೆಯಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿಕೊಂಡಿರುತ್ತದೆ. ಇನ್ನು ಸಾಲಿನ ತುದಿಯಲ್ಲಿ ಜಾಗ ಸಾಲದೆ ಪದವನ್ನು ಎರಡು ತುಂಡು ಮಾಡುವ ಪುಸ್ತಕಗಳನ್ನು ಕಥೆ ಎಷ್ಟೇ ಚೆನ್ನಾಗಿದ್ದರೂ ಎರಡನೆಯ ತರಗತಿಯವರೆಗೆ ದೂರವಿಡಬೇಕೆಂದು ನನ್ನ ಖಚಿತ ಅಭಿಪ್ರಾಯ.

ಒಂದು ಪುಟ ಓದಿಸಿ ನೋಡುವುದು

ಅಪರಿಚಿತ ಪದ ಬಂದಾಗಲೆಲ್ಲ ಮಗು ಒಂದು ಬೆರಳು ಮಡಚಬೇಕು, ಒಂದು ಪುಟ ಮುಗಿಯುವುದರೊಳಗೆ ಐದು ಬೆರಳೂ ಮಡಚಿದರೆ ಪುಸ್ತಕ ಕಷ್ಟವೆಂದು ತಿಳಿಯಬೇಕು ಎಂಬ ಐದು ಬೆರಳಿನ ಪರೀಕ್ಷೆ ಇಂಗ್ಲಿಷ್ ಶಾಲೆಗಳಿಂದ ನಮ್ಮಲ್ಲಿಗೂ ಬಂದಿದೆ. ಕನ್ನಡಕ್ಕೆ ಇದು ಪೂರ್ತಿ ಹೊಂದುವುದಿಲ್ಲ. ಮೊದಲನೆಯದಾಗಿ, ಚಿತ್ರಪುಸ್ತಕದ ಪುಟದಲ್ಲಿ ಇರುವುದೇ ಹದಿನೈದು ಇಪ್ಪತ್ತು ಪದಗಳಾದರೆ ಐದು ಎಂಬುದು ಬಹಳವಾಯಿತು. ಅಮೆರಿಕದ ಎಮೆಟ್ ಬೆಟ್ಸ್ 1946ರಲ್ಲಿ ಹಾಕಿಕೊಟ್ಟ ಅಳತೆಯ ಪ್ರಕಾರ ನೂರು ಪದಗಳಲ್ಲಿ 99ನ್ನು ಸರಿಯಾಗಿ ಓದುವ ಪುಸ್ತಕ ಸ್ವಂತ ಓದಿಗೆ, 95ನ್ನು ಓದುವ ಪುಸ್ತಕ ಹಿರಿಯರ ನೆರವಿನ ಓದಿಗೆ ಸರಿ, 90ಕ್ಕಿಂತ ಕಡಿಮೆಯಾದರೆ ಮಗು ಬೇಸತ್ತು ಬಿಡುತ್ತದೆ. ಮನೆಯ ಬಳಕೆಗೆ ಇಪ್ಪತ್ತು ಪದಗಳಿಗೆ ಒಂದು ತಪ್ಪಿನವರೆಗೆ ನೆರವಿನ ಓದು, ಎರಡು ದಾಟಿದರೆ ಕೇಳುವ ಪುಸ್ತಕ ಎಂದು ಇಟ್ಟುಕೊಂಡರೆ ಸಾಕು.

ಎರಡನೆಯ ಕಾರಣ ಹೆಚ್ಚು ಮುಖ್ಯವಾದದ್ದು. ಕನ್ನಡವನ್ನು ಬರೆದಂತೆಯೇ ಓದುತ್ತೇವಾದ್ದರಿಂದ ಒತ್ತಕ್ಷರ ಬಲ್ಲ ಮಗು ತನಗೆ ಅರ್ಥವೇ ಆಗದ ಪುಟವನ್ನೂ ಒಂದು ತಪ್ಪಿಲ್ಲದೆ ಗಟ್ಟಿಯಾಗಿ ಓದಿಬಿಡಬಲ್ಲದು. ಪಕ್ಕದಲ್ಲಿ ಕುಳಿತ ತಂದೆಗೆ ಆನಂದವಾಗುತ್ತದೆ, ಮಗುವಿನ ತಲೆಯಲ್ಲಿ ಮಾತ್ರ ಏನೂ ಉಳಿದಿರುವುದಿಲ್ಲ. ಆದ್ದರಿಂದ ಪುಟ ಮುಗಿದ ಮೇಲೆ ಪುಸ್ತಕ ಮುಚ್ಚಿ, 'ಏನಾತು ಹೇಳು ನೋಡೂಣು' ಎಂದು ಕೇಳಬೇಕು. ಅದೂ ಪರೀಕ್ಷೆಯ ಧ್ವನಿಯಲ್ಲಲ್ಲ. ಮಗು ತನ್ನ ಮಾತಿನಲ್ಲಿ, 'ಆ ಆನಿ ಹೊಳಿಗೆ ಹೋತು, ಅಲ್ಲಿ ನೀರ ಇರಲಿಲ್ಲ, ಆಮ್ಯಾಲೆ…' ಎಂದು ಶುರು ಮಾಡಿದರೆ ಪುಸ್ತಕ ಸರಿಯಾಗಿದೆ. ಪುಸ್ತಕದ ವಾಕ್ಯವನ್ನೇ ಕಂಠಪಾಠದಂತೆ ಒಪ್ಪಿಸಿದರೆ ಇನ್ನೊಂದು ಪುಟ ಓದಿಸಿ ನೋಡಬೇಕು. ಗ್ರಾಮೀಣ ಮಕ್ಕಳ ಓದು-ಲೆಕ್ಕವನ್ನು ಅಳೆಯಲು 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ ಓದಿನ ಹಾಳೆ ಮನೆಯಲ್ಲೂ ಉಪಯೋಗಕ್ಕೆ ಬರುವಂಥದ್ದು: ಅಕ್ಷರ, ಪದ, ಮೊದಲ ತರಗತಿಯ ಮಟ್ಟದ ಚಿಕ್ಕ ಪರಿಚ್ಛೇದ, ಎರಡನೆಯ ತರಗತಿಯ ಮಟ್ಟದ ಕಥೆ ಎಂಬ ನಾಲ್ಕು ಹಂತಗಳಲ್ಲಿ ಮಗು ಎಲ್ಲಿ ನಿಲ್ಲುತ್ತದೆಂಬುದು ಐದು ನಿಮಿಷದೊಳಗೆ ತಿಳಿಯುತ್ತದೆ.

ಹೀಗೆ ಓದಿಸುವಾಗ ನಮ್ಮ ಭಾಗದ ಮಕ್ಕಳಿಗೆ ಇನ್ನೊಂದು ರಿಯಾಯಿತಿ ಕೊಡಬೇಕಾಗುತ್ತದೆ. ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಬಹುಪಾಲು ಬೆಂಗಳೂರು-ಮೈಸೂರಿನ ಕಡೆಯ ಭಾಷೆಯಲ್ಲಿ ಇರುತ್ತವೆ. ಕಥೆಯ ತಾತ ಕಡಲೇಕಾಯಿ ತಿನ್ನುತ್ತಾ ಚಿಕ್ಕಪ್ಪನನ್ನು ಕರೆದು ಈರುಳ್ಳಿ ತರಲು ಹೇಳುತ್ತಾನೆ. ಗದಗಿನ ಹುಡುಗನ ಮನೆಯಲ್ಲಿರುವುದು ಅಜ್ಜ, ಶೇಂಗಾ, ಕಾಕಾ, ಉಳ್ಳಾಗಡ್ಡಿ. ಒಂದು ವಾಕ್ಯದಲ್ಲಿ ನಾಲ್ಕು ಕಡೆ ಮಗು ತಡೆದರೆ ಅದರ ಓದು ಹಿಂದಿದೆ ಎಂದು ತೀರ್ಮಾನಿಸುವ ಬದಲು, ಆ ಪದಗಳನ್ನು ಮೊದಲೇ ಹೇಳಿಕೊಟ್ಟು ಮತ್ತೊಮ್ಮೆ ಓದಿಸಬೇಕು. ಎರಡನೆಯ ಸಲ ಓದು ಸರಾಗವಾದರೆ ತೊಂದರೆ ಪದದ್ದು, ಮಟ್ಟದ್ದಲ್ಲ. ಆರಂಭದ ಓದಿಗೆ ಧಾರವಾಡದ ಕಡೆಯ ಲೇಖಕರ ಪುಸ್ತಕಗಳು ಸಿಕ್ಕರೆ ಈ ಅಡ್ಡಿ ತಾನಾಗಿಯೇ ಕಡಿಮೆಯಾಗುತ್ತದೆ.

ಬಗೆ ಬಗೆಯ ಪುಸ್ತಕಗಳು

ಚಿತ್ರಕಥೆಗಳು, ಅಂದರೆ ಕಾಮಿಕ್ಸ್, ನೋಡಲು ಸುಲಭ ಕಂಡರೂ ಓದಲು ಸುಲಭವಲ್ಲ: ಮಾತಿನ ಗುಳ್ಳೆಯೊಳಗೆ ಅಕ್ಷರಗಳು ಚಿಕ್ಕವು, ಪದಗಳು ತುಂಡಾಗಿರುತ್ತವೆ. ಮೂರನೆಯ ತರಗತಿಯ ನಂತರ ಇವು ಓದಿನ ರುಚಿ ಹತ್ತಿಸಲು ಬಹಳ ಒಳ್ಳೆಯವು. ವಿಜ್ಞಾನ-ಮಾಹಿತಿಯ ಪುಸ್ತಕಗಳಲ್ಲಿ ವಾಕ್ಯಗಳು ಗಿಡ್ಡವಾಗಿದ್ದರೂ 'ದ್ಯುತಿಸಂಶ್ಲೇಷಣೆ'ಯಂತಹ ಪದಗಳು ಬರುತ್ತವೆ. ಆದರೆ ಡೈನೋಸಾರ್ ಹುಚ್ಚಿನ ಹುಡುಗನಿಗೆ ಯಾವ ಮಟ್ಟದ ಲೆಕ್ಕವೂ ಬೇಕಿಲ್ಲ, ಅವನು ಚಿತ್ರದ ಬಲದಿಂದಲೇ ಓದಿಕೊಳ್ಳುತ್ತಾನೆ. ಪುರಾಣದ ಕಥೆಗಳದ್ದು ಇನ್ನೊಂದು ವಿಚಿತ್ರ: 'ಪ್ರಯತ್ನ' ಎಂಬಲ್ಲಿ ಎಡವುವ ಮಗು 'ಧೃತರಾಷ್ಟ್ರ'ವನ್ನು ಲೀಲಾಜಾಲವಾಗಿ ಓದುತ್ತದೆ, ಏಕೆಂದರೆ ಆ ಹೆಸರು ಟಿವಿಯಿಂದಲೋ ಊರಿನ ಬಯಲಾಟದಿಂದಲೋ ಕಿವಿಗೆ ಮೊದಲೇ ಬಿದ್ದಿರುತ್ತದೆ. ಕಿವಿಗೆ ಪರಿಚಿತವಾದ ಕಥೆಯನ್ನು ಒಂದು ಮಟ್ಟ ಮೇಲಿನ ಪುಸ್ತಕದಲ್ಲಿ ಕೊಟ್ಟರೂ ನಡೆಯುತ್ತದೆ. ಮಾತು ಮರುಕಳಿಸುವ ಜನಪದ ಕಥೆಗಳಿಗೂ, ಪ್ರಾಸವುಳ್ಳ ಶಿಶುಪದ್ಯಗಳಿಗೂ ಇದೇ ರಿಯಾಯಿತಿ ಸಲ್ಲುತ್ತದೆ.

ಒಂದೇ ಪುಟದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ದ್ವಿಭಾಷಾ ಪುಸ್ತಕಗಳನ್ನು ಚೆನ್ನೈನ ತೂಲಿಕಾದಂತಹ ಪ್ರಕಾಶನಗಳು ತರುತ್ತಿವೆ, ಇಂಗ್ಲಿಷ್ ಮಾಧ್ಯಮದ ಮಕ್ಕಳ ತಂದೆ-ತಾಯಂದಿರಿಗೆ ಇವು ಬಹಳ ಮೆಚ್ಚುಗೆ. ಓದಿ ಹೇಳಲು ಇವು ಉತ್ತಮವೇ. ಕನ್ನಡ ಓದಿನ ಅಭ್ಯಾಸಕ್ಕೆ ಮಾತ್ರ ನಾನು ಇವನ್ನು ಆರಿಸುವುದಿಲ್ಲ; ಎರಡು ಸಾಲುಗಳಲ್ಲಿ ಸುಲಭವಾದದ್ದರ ಕಡೆಗೆ ಕಣ್ಣು ಜಾರುವುದು ಸಹಜ, ಆ ಮಕ್ಕಳಿಗೆ ಸುಲಭವಾದದ್ದು ಕನ್ನಡವಲ್ಲ.

ಓದು ಹಿಂದಿದ್ದು ವಯಸ್ಸು ಮುಂದಿರುವವರಿಗೆ

ಹೆಚ್ಚಿನ ಎಚ್ಚರ ಬೇಕಾದದ್ದು ಹತ್ತು-ಹನ್ನೆರಡು ವರ್ಷವಾಗಿಯೂ ಎರಡನೆಯ ತರಗತಿಯ ಮಟ್ಟದಲ್ಲಿ ಓದುವ ಮಕ್ಕಳ ವಿಷಯದಲ್ಲಿ. ಮಟ್ಟ ಸರಿಯೆಂದು ಇವರಿಗೆ ಗುಬ್ಬಚ್ಚಿ-ಇರುವೆಯ ಪುಸ್ತಕ ಕೊಟ್ಟರೆ ಅದನ್ನು ಬೆಂಚಿನ ಕೆಳಗೆ ಬಚ್ಚಿಡುತ್ತಾರೆ. ವಯಸ್ಸು ಸರಿಯೆಂದು ಸಾಹಸದ ಕಾದಂಬರಿ ಕೊಟ್ಟರೆ ಮೊದಲ ಪುಟ ದಾಟುವುದಿಲ್ಲ. ಇವರಿಗೆ ಹೊಂದುವುದು ವಸ್ತುವಿನಲ್ಲಿ ದೊಡ್ಡದಾಗಿದ್ದು ವಾಕ್ಯದಲ್ಲಿ ಸಣ್ಣದಾಗಿರುವ ಬರಹ: ಒಗಟುಗಳು, ನಗೆಹನಿಗಳು, ಆಟಗಾರರ ಕಿರುಪರಿಚಯ, ಊರಿನ ಸಂಗತಿಗಳು, ಕೈಕೆಲಸದ ವಿಧಾನ ಹೇಳುವ ಪುಸ್ತಕಗಳು. ಒಗಟಿನ ಪುಸ್ತಕಕ್ಕೆ ನನ್ನ ವಿಶೇಷ ಶಿಫಾರಸು ಇದೆ, ಏಕೆಂದರೆ ಎರಡು ಸಾಲು ಓದಿದರೆ ಗೆಳೆಯರಿಗೆ ಸವಾಲು ಹಾಕುವ ಅಧಿಕಾರ ಸಿಗುತ್ತದೆ. ಗ್ರಂಥಾಲಯದ ಪುಸ್ತಕಗಳ ಮೇಲೆ ವಯಸ್ಸಿನ ಅಂಕಿಯಿದ್ದರೆ ಅದರ ಮೇಲೆ ಕಾಗದ ಅಂಟಿಸಿ, ಬೆನ್ನಿಗೆ ಬಣ್ಣದ ಪಟ್ಟಿ ಹಚ್ಚುವುದು ನಮ್ಮ ಪದ್ಧತಿ. ಹಸಿರು ಪಟ್ಟಿ ಯಾವ ತರಗತಿಯದೆಂದು ಮಕ್ಕಳಿಗೆ ಹೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಕೊಳ್ಳುವ ಮುನ್ನ

ಹುಬ್ಬಳ್ಳಿಯ ದೊಡ್ಡ ಅಂಗಡಿಗಳಲ್ಲಾಗಲಿ, ಧಾರವಾಡದ ಹಳೆಯ ಪುಸ್ತಕದಂಗಡಿಗಳಲ್ಲಾಗಲಿ ಮಗುವನ್ನು ಜೊತೆಗೆ ಕರೆದೊಯ್ದು ಒಂದು ಪುಟ ಓದಿಸಿದರೆ ಬೇಡವೆನ್ನುವವರಿಲ್ಲ. ಪುಸ್ತಕದ ಮೊದಲ ಪುಟ ಸಾಮಾನ್ಯವಾಗಿ ಸುಲಭವಾಗಿರುತ್ತದೆ, ಆದ್ದರಿಂದ ನಡುವಿನ ಪುಟವನ್ನೇ ತೆಗೆಯಬೇಕು. 2019ರಲ್ಲಿ ಧಾರವಾಡದಲ್ಲಿ, 2023ರಲ್ಲಿ ಹಾವೇರಿಯಲ್ಲಿ ನಡೆದಂತಹ ಸಾಹಿತ್ಯ ಸಮ್ಮೇಳನಗಳ ಮಳಿಗೆಗಳಲ್ಲಿ ರಿಯಾಯಿತಿ ಸಿಗುತ್ತದೆಂಬುದು ನಿಜ, ಆದರೆ ಪ್ಲಾಸ್ಟಿಕ್ ಸುತ್ತಿದ ಹತ್ತು ಪುಸ್ತಕಗಳ ಕಟ್ಟನ್ನು ಬಿಚ್ಚಿ ನೋಡದೆ ಕೊಳ್ಳಬಾರದು. ಒಂದೇ ಕಟ್ಟಿನಲ್ಲಿ ಮೂರು ಮಟ್ಟದ ಪುಸ್ತಕಗಳು ಕೂಡಿರುವುದು ಸಾಮಾನ್ಯ. ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಲ್ಲಿ ಇರುವವರು ಮೊದಲು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ ಹೋಗಬಹುದು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಅಲ್ಲಿಂದ ಬೇರೆ ಬೇರೆ ಮಟ್ಟದ ಎರಡು ಮೂರು ಪುಸ್ತಕ ತಂದು ಓದಿಸಿದರೆ ಮಗುವಿನ ಮಟ್ಟ ಗೊತ್ತಾಗುತ್ತದೆ, ಹಣ ಹಾಕುವುದು ಆಮೇಲಿನ ಮಾತು. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಒಳಪುಟದ ಚಿತ್ರ ಹಾಕಿರದ ಪುಸ್ತಕವನ್ನು ಆರಂಭದ ಓದುಗರಿಗೆ ತರಿಸಬೇಡಿ.

ಎರಡು ಪುಸ್ತಕಗಳ ನಡುವೆ ನಿರ್ಧಾರ ಆಗದಿದ್ದರೆ ಸುಲಭವಾದದ್ದನ್ನು ಮಗುವಿಗೆ, ಕಷ್ಟವಾದದ್ದನ್ನು ಮಲಗುವ ಮುನ್ನ ಓದಿ ಹೇಳಲು ಇಟ್ಟುಕೊಳ್ಳಬಹುದು. ಮಗು ತಾನಾಗಿ ಒಂದನ್ನು ಎತ್ತಿಕೊಂಡು ಬಿಡುವುದಿಲ್ಲವೆಂದು ಹಟ ಹಿಡಿದರೆ, ಮಟ್ಟ ಹೆಚ್ಚೇ ಇರಲಿ ಕಡಿಮೆಯೇ ಇರಲಿ, ಅದನ್ನು ಕೊಡಿಸುವುದೇ ಸರಿ. ಎರಡರಿಂದ ನಾಲ್ಕನೆಯ ತರಗತಿಯ ನಡುವೆ ಓದು ಬೇಗ ಬದಲಾಗುವುದರಿಂದ ದಸರಾ ರಜೆಗೊಮ್ಮೆ, ಬೇಸಿಗೆ ರಜೆಗೊಮ್ಮೆ ಪುಟ ಓದಿಸುವ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕು.

ಮಗುವನ್ನು ನೋಡದೆಯೇ ಹುಟ್ಟುಹಬ್ಬಕ್ಕೆ ಪುಸ್ತಕ ಒಯ್ಯಬೇಕಾದವರು ತಂದೆ-ತಾಯಿಗೆ ವಯಸ್ಸನ್ನು ಕೇಳುವ ಬದಲು, 'ಯಾವ ಮೀಡಿಯಂ, ಕೊನೀಗೆ ತಾನ ಓದಿ ಮುಗಿಸಿದ ಪುಸ್ತಕ ಯಾವುದ್ರಿ?' ಎಂದು ಕೇಳಿದರೆ ಸಾಕು. ಅದಕ್ಕೆ ಸ್ಪಷ್ಟ ಉತ್ತರ ಬಾರದಿದ್ದರೆ ದೊಡ್ಡ ಚಿತ್ರಗಳುಳ್ಳ, ಓದಿ ಹೇಳಲು ಚೆನ್ನಾಗಿರುವ ಕಥೆಯನ್ನು ಆರಿಸಿ, ಬದಲಾಯಿಸಿಕೊಳ್ಳಲು ಅನುಕೂಲವಾಗುವಂತೆ ಬಿಲ್ಲನ್ನು ಅವರ ಕೈಗೇ ಕೊಟ್ಟು ಬರಬೇಕು.